ದ್ರಾಕ್ಷಿಯ ಕಪ್ಪು ಬೂಷ್ಟು ವೈನಿಗೆ ಇಳಿಯುವ ದಾರಿ

ಈರುಳ್ಳಿ ಸುಲಿಯುವಾಗ ಸಿಪ್ಪೆಯ ಕೆಳಗೆ ಕಪ್ಪು ಪುಡಿ ಕಾಣುತ್ತದೆ, ಅಲ್ವಾ? ಯಾರೋ ಮಸಿ ಕೈ ಒರೆಸಿದ ಹಾಗೆ. ನಾವು ಒಂದು ಪದರ ಕಿತ್ತು ಬಿಸಾಕಿ, ಉಳಿದದ್ದನ್ನು ನಲ್ಲಿಗೆ ಹಿಡಿದು, ಸುಮ್ನೆ ಹೆಚ್ಚಿಕೊಂಡು ಮುಂದೆ ಹೋಗುತ್ತೇವೆ. ಆ ಪುಡಿ ಒಂದು ಬೂಷ್ಟು. ಹೆಸರು ಆಸ್ಪರ್ಜಿಲಸ್ ನೈಜರ್. ಅದಕ್ಕೊಬ್ಬ ಹತ್ತಿರದ ದಾಯಾದಿ ಇದ್ದಾನೆ, ಆಸ್ಪರ್ಜಿಲಸ್ ಕಾರ್ಬೊನೇರಿಯಸ್. ಇದ್ದಿಲಿನ ಹಾಗೆ ಕಪ್ಪಗಿರುವುದಕ್ಕೇ ಆ ಹೆಸರು. ಮೆಡಿಟರೇನಿಯನ್ ಸಮುದ್ರದ ಸುತ್ತ ವೈನ್ ಮಾಡುವವರಿಗೆ ತಲೆನೋವಾಗಿರುವುದು ಮುಖ್ಯವಾಗಿ ಈ ದಾಯಾದಿಯೇ.

ಬೂಷ್ಟು ಹಿಡಿದ ಹಣ್ಣಿನಿಂದ ವೈನಿನ ರುಚಿ ಕೆಡುತ್ತದೆ, ನಿಜ. ಆದರೆ ರುಚಿ ಕೆಟ್ಟರೆ ಕುಡಿಯುವವರಿಗೆ ಗೊತ್ತಾಗುತ್ತದೆ, ಚೆಲ್ಲುತ್ತಾರೆ. ಗೊತ್ತಾಗದೆ ಇರುವುದು ಈ ಬೂಷ್ಟು ಬಿಟ್ಟುಹೋಗುವ ವಿಷ. ಅದನ್ನು ಓಕ್ರಾಟಾಕ್ಸಿನ್ ಎ ಎನ್ನುತ್ತಾರೆ. ವೈನಿನಲ್ಲಿ ಸಿಗುವಷ್ಟು ಸಣ್ಣ ಪ್ರಮಾಣದಲ್ಲಿ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದ್ರಾಕ್ಷಿ ರಸ ಹುದುಗಲು ಶುರುವಾದ ಮೇಲೆ ಗಾಳಿಯೂ ಸಿಗದೆ, ಆಲ್ಕೊಹಾಲಿನ ಕಾಟವೂ ತಡೆಯದೆ ಬೂಷ್ಟು ಸೋತುಹೋಗುತ್ತದೆ. ವಿಷ ಮಾತ್ರ ಹಾಗೇ ಉಳಿಯುತ್ತದೆ. ಮನೆಗೆ ನುಗ್ಗಿದ ಕಳ್ಳ ಸತ್ತರೂ ಅವನು ಬಾವಿಗೆ ಹಾಕಿದ್ದು ಬಾವಿಯಲ್ಲೇ ಇರುತ್ತದಲ್ಲ, ಹಾಗೆ. ಹಾಗಾಗಿ ಈ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದು: ವೈನಿನ ವಿಷ ಹುಟ್ಟುವುದು ತೋಟದಲ್ಲಿ. ಪೀಪಾಯಿಯಲ್ಲಿ ಅದು ಹೊಸದಾಗಿ ಹುಟ್ಟುವುದಿಲ್ಲ.

ಇದು ಗೊತ್ತಾದದ್ದು ತೀರ ಇತ್ತೀಚೆಗೆ. 1965ರಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಆಸ್ಪರ್ಜಿಲಸ್ ಓಕ್ರೇಸಿಯಸ್ ಎಂಬ ಹಳದಿ ಬಣ್ಣದ ಬೂಷ್ಟಿನಿಂದ ಈ ವಿಷವನ್ನು ಬೇರ್ಪಡಿಸಿದ್ದರು. ಅದರ ಹೆಸರೇ ವಿಷಕ್ಕೂ ಬಂತು. ಆಮೇಲೆ ಮೂವತ್ತು ವರ್ಷ ಎಲ್ಲರ ಕಣ್ಣು ಕಾಳುಗಳ ಮೇಲೇ ಇತ್ತು. ಡೆನ್ಮಾರ್ಕಿನಲ್ಲಿ ಬೂಷ್ಟು ಹಿಡಿದ ಬಾರ್ಲಿ ತಿಂದ ಹಂದಿಗಳ ಮೂತ್ರಪಿಂಡ ಕೆಡುತ್ತಿತ್ತು. ತಂಪು ದೇಶಗಳಲ್ಲಿ ಈ ವಿಷ ಮಾಡುವ ಪೆನಿಸಿಲಿಯಂ ಜಾತಿಯ ಬೂಷ್ಟೊಂದು ಕಣಜದ ಒದ್ದೆ ಕಾಳಿನಲ್ಲಿ ಬೆಳೆಯುತ್ತಿತ್ತು. ವೈನಿನಲ್ಲಿ ಹುಡುಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. 1996ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಶೋಧಕರು ತಮ್ಮ ಅಂಗಡಿಗಳಲ್ಲಿ ಮಾರುತ್ತಿದ್ದ ವೈನ್‌ಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಕೆಂಪು ವೈನಿನಲ್ಲಿ ಜಾಸ್ತಿ, ಗುಲಾಬಿ ಬಣ್ಣದ ರೋಸೆಯಲ್ಲಿ ಅದಕ್ಕಿಂತ ಕಮ್ಮಿ, ಬಿಳಿ ವೈನಿನಲ್ಲಿ ಇನ್ನೂ ಕಮ್ಮಿ. ಯುರೋಪಿನ ದಕ್ಷಿಣದಿಂದ ಬಂದದ್ದರಲ್ಲಿ ಜಾಸ್ತಿ, ಉತ್ತರದ್ದರಲ್ಲಿ ಕಮ್ಮಿ.

ಯಾಕೆ ಕೆಂಪು, ಯಾಕೆ ದಕ್ಷಿಣ? ಮುಂದಿನ ಹತ್ತು ಹದಿನೈದು ವರ್ಷದ ಕೆಲಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆಯಿತು ಅಂದರೆ ತಪ್ಪಾಗಲಾರದು.

ಮೊದಲು ದಕ್ಷಿಣದ್ದು ನೋಡೋಣ. ಇಟಲಿಯ ನಕಾಶೆಯನ್ನು ಬೂಟಿನ ಆಕಾರ ಅಂತಾರಲ್ಲ, ಆ ಬೂಟಿನ ಹಿಮ್ಮಡಿ ಪುಲಿಯಾ ಪ್ರಾಂತ. ನೆಗ್ರೊಅಮಾರೊ, ಪ್ರಿಮಿಟಿವೊ ಎಂಬ ಕಡು ಕೆಂಪು ದ್ರಾಕ್ಷಿಗಳ ನಾಡು. ಬೇಸಿಗೆಯಲ್ಲಿ ಸುಡು ಬಿಸಿಲು. ಎರಡೂ ಕಡೆ ಸಮುದ್ರ ಇರುವುದರಿಂದ ರಾತ್ರಿ ಗಾಳಿಯಲ್ಲಿ ತೇವ. ಕಪ್ಪು ಬೂಷ್ಟಿಗೆ ಇದು ಹೇಳಿ ಮಾಡಿಸಿದ ಹವೆ. ಇದರ ಬೀಜಾಣುಗಳು ಮಣ್ಣಿನಲ್ಲಿ, ಬಳ್ಳಿಯ ಬುಡದಲ್ಲಿ ಬಿದ್ದಿರುತ್ತವೆ. ಗಾಳಿ ಎದ್ದಾಗ ಧೂಳಿನ ಜೊತೆ ಗೊಂಚಲಿಗೆ ಏರುತ್ತವೆ. ಬಿಸಿಲಿಗೆ ಬೇರೆ ಬೂಷ್ಟುಗಳ ತಿಳಿ ಬಣ್ಣದ ಬೀಜಾಣುಗಳು ಸಾಯುತ್ತವೆ. ಇವಕ್ಕೆ ಕಪ್ಪು ಬಣ್ಣವೇ ಕೊಡೆ. ನೇರಳಾತೀತ ಕಿರಣ ಒಳಗೆ ಇಳಿಯಲು ಅದು ಬಿಡುವುದಿಲ್ಲ. ಹೀಗೆ ಬಿಸಿಲು ಹೆಚ್ಚಾದಷ್ಟೂ ಇವುಗಳಿಗೆ ಪೈಪೋಟಿ ಕಮ್ಮಿಯಾಗುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಕಾರ್ಬೊನೇರಿಯಸ್ ಚೆನ್ನಾಗಿ ಬೆಳೆಯುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ವಿಷವನ್ನು ಜಾಸ್ತಿ ಮಾಡುವುದು 15ರಿಂದ 20 ಡಿಗ್ರಿಯ ತಂಪಿನಲ್ಲಿ. ಹಗಲು ಬಿಸಿಲಿನಲ್ಲಿ ಬೆಳೆದುಕೊಂಡು, ರಾತ್ರಿ ತಂಪಾದಾಗ ವಿಷ ಕೂಡಿಡುವ ಹಾಗೆ. ಅದಕ್ಕೇ ಹಣ್ಣಿನ ಮೇಲೆ ಬೂಷ್ಟು ಎಷ್ಟು ಕಾಣುತ್ತದೆ ಎಂದು ನೋಡಿ ವಿಷ ಎಷ್ಟಿದೆ ಎಂದು ಅಳೆಯಲು ಆಗುವುದಿಲ್ಲ. ಇನ್ನೊಂದು ಮಾತೂ ಸೇರಿಸಬೇಕು. ಕಾರ್ಬೊನೇರಿಯಸ್ ಕುಲದಲ್ಲಿ ಬಹುಪಾಲು ಎಲ್ಲವೂ ವಿಷ ಮಾಡುವಂಥವೇ. ನಮ್ಮ ಈರುಳ್ಳಿಯ ನೈಜರ್‌ನಲ್ಲಿ ಅಂಥವು ಕೆಲವೇ ಕೆಲವು. ದಾಯಾದಿಗಳಾದರೂ ಗುಣ ಬೇರೆ.

ಗಟ್ಟಿ ಸಿಪ್ಪೆಯ ಆರೋಗ್ಯವಂತ ಹಣ್ಣಿನ ಮೇಲೆ ಬೀಜಾಣು ಬಿದ್ದರೆ ಸಾಮಾನ್ಯವಾಗಿ ಸುಮ್ಮನೆ ಕುಳಿತಿರುತ್ತದೆ. ಒಳಗೆ ಹೋಗಲು ಅದಕ್ಕೆ ಬಾಗಿಲು ಬೇಕು. ಬಾಗಿಲು ತೆಗೆದುಕೊಡುವವರು ಬಹಳ ಜನ. ಕಟಾವಿನ ಹೊತ್ತಿಗೆ ಮಳೆ ಬಂದರೆ ಹಣ್ಣು ನೀರು ಕುಡಿದು ಸಿಡಿಯುತ್ತದೆ. ಬೂದಿ ರೋಗ ತಗುಲಿದ ಕಾಯಿಯ ಸಿಪ್ಪೆ ಬಿರುಸಾಗಿ, ಒಳಗಿನ ತಿರುಳು ಊದಿದಾಗ ಬಿರುಕು ಬಿಡುತ್ತದೆ. ಹಕ್ಕಿ ಕುಕ್ಕುತ್ತದೆ. ಗೊಂಚಲು ತೀರ ಒತ್ತಾಗಿದ್ದರೆ ಹಣ್ಣು ಹಣ್ಣನ್ನೇ ತಳ್ಳಿ ತೊಟ್ಟಿನ ಹತ್ತಿರ ಹರಿಯುತ್ತದೆ. ಆದರೆ ದಕ್ಷಿಣ ಯುರೋಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧಿ ಲೊಬೆಸಿಯಾ ಬೊಟ್ರಾನಾ ಎಂಬ ಪುಟ್ಟ ಪತಂಗ. ಒಂದು ವರ್ಷದಲ್ಲಿ ಸಾಮಾನ್ಯವಾಗಿ ಮೂರು ತಲೆಮಾರು ಮಾಡುತ್ತದೆ. ಮೊದಲನೆಯದು ಹೂವು ತಿನ್ನುತ್ತದೆ, ಎರಡನೆಯದು ಹಸಿರು ಕಾಯಿ. ಮೂರನೆಯದು ಬರುವುದು ಹಣ್ಣು ಮಾಗುವ ಹೊತ್ತಿಗೆ. ಮರಿಹುಳು ಒಂದು ಹಣ್ಣಿಗೆ ತೂತು ಕೊರೆದು ಒಳಗೆ ತಿಂದು, ಹೊರಬಂದು, ನೂಲು ಹೆಣೆದುಕೊಂಡು ಪಕ್ಕದ ಹಣ್ಣಿಗೆ ಹೋಗುತ್ತದೆ. ಮೈಗೆ ಅಂಟಿದ ಬೀಜಾಣುಗಳನ್ನೂ ಹೊತ್ತುಕೊಂಡೇ ಹೋಗುತ್ತದೆ. ಗಾಯ ಮಾಡುವವನೂ ಅವನೇ, ಗಾಯಕ್ಕೆ ಕೊಳೆ ಹಚ್ಚುವವನೂ ಅವನೇ. ಪುಲಿಯಾದ ತೋಟಗಳಲ್ಲಿ ನಡೆದ ಅಧ್ಯಯನಗಳಲ್ಲಿ ಹುಳು ಹೊಡೆದ ಗೊಂಚಲಿಗೂ ವಿಷಕ್ಕೂ ನೇರ ನಂಟು ಕಂಡಿತು.

ಹಾಗಾಗಿ ಅಲ್ಲಿನ ಬುದ್ಧಿವಂತ ಬೆಳೆಗಾರ ಬೂಷ್ಟಿನ ಜೊತೆ ಹೋರಾಡುವುದಕ್ಕಿಂತ ಪತಂಗದ ಜೊತೆ ಹೋರಾಡುವುದೇ ಜಾಸ್ತಿ. ಒಂದು ಉಪಾಯ ನನಗೆ ಬಹಳ ಇಷ್ಟ. ಹೆಣ್ಣು ಪತಂಗ ಗಂಡನ್ನು ಕರೆಯಲು ಒಂದು ವಾಸನೆ ಬಿಡುತ್ತದೆ. ಅದೇ ವಾಸನೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ, ಸಣ್ಣ ಸಣ್ಣ ಕೊಳವೆಗಳಲ್ಲಿ ತುಂಬಿ ತೋಟದ ತುಂಬ ನೇತುಹಾಕುತ್ತಾರೆ. ಎಲ್ಲೆಲ್ಲೂ ಹೆಣ್ಣಿನ ವಾಸನೆ, ಹೆಣ್ಣು ಮಾತ್ರ ಎಲ್ಲೂ ಸಿಗುವುದಿಲ್ಲ. ಗಂಡು ಪತಂಗ ತಬ್ಬಿಬ್ಬಾಗಿ ಹಾರಾಡಿಕೊಂಡೇ ಆಯಸ್ಸು ಮುಗಿಸುತ್ತದೆ. ಮೊಟ್ಟೆ ಇಲ್ಲ, ಹುಳು ಇಲ್ಲ, ತೂತು ಇಲ್ಲ. ಇದರ ಜೊತೆಗೆ ಗೊಂಚಲಿನ ಸುತ್ತಲಿನ ಎಲೆ ಕಿತ್ತು ಗಾಳಿಯಾಡಲು ಬಿಡುವುದು, ಕಟಾವಿನ ಮೊದಲು ಸಾಲುಗಳ ನಡುವೆ ಉಳುಮೆ ಮಾಡಿ ಧೂಳೆಬ್ಬಿಸದೆ ಇರುವುದು, ಬೇಕಾದರೆ ಒಂದೆರಡು ಸಲ ಶಿಲೀಂಧ್ರನಾಶಕ ಹೊಡೆಯುವುದು ಇದ್ದೇ ಇದೆ.

ಕಟಾವಾದ ಮೇಲೆ ಗಡಿಯಾರದ ಜೊತೆ ಓಟ. ಆಳವಾದ ಟ್ರಾಲಿಯಲ್ಲಿ ದ್ರಾಕ್ಷಿ ರಾಶಿ ಹಾಕಿದರೆ ಕೆಳಗಿನದು ಜಜ್ಜಿ ರಸ ಬಿಡುತ್ತದೆ. ಆ ರಸದಲ್ಲಿ, ಆ ಸೆಕೆಯಲ್ಲಿ, ಕೆಲವೇ ಗಂಟೆಗಳಲ್ಲಿ ಬೂಷ್ಟಿಗೆ ಹಬ್ಬ. ಅದಕ್ಕೇ ಸಣ್ಣ ಕ್ರೇಟುಗಳಲ್ಲಿ ತುಂಬಿ, ಬೆಳಗಿನ ತಂಪಿನಲ್ಲೇ ಸಾಗಿಸಿ, ಬಂದ ದಿನವೇ ಅರೆಯುತ್ತಾರೆ. ಕೆಟ್ಟ ಹಣ್ಣನ್ನು ಆರಿಸಿ ತೆಗೆಯುವ ಕೆಲಸ ಇಲ್ಲೇ ಆಗಬೇಕು. ವಿಷ ಎಲ್ಲ ಹಣ್ಣಿನಲ್ಲೂ ಸಮನಾಗಿ ಹರಡಿರುವುದಿಲ್ಲ. ಗಾಯವಾದ ಕೆಲವೇ ಹಣ್ಣುಗಳಲ್ಲಿ ಗುಡ್ಡೆಯಾಗಿರುತ್ತದೆ. ಅವನ್ನು ತೆಗೆದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಈಗ ಕೆಂಪು ವೈನಿನ ಪ್ರಶ್ನೆ. ಬಿಳಿ ವೈನ್ ಮಾಡುವಾಗ ದ್ರಾಕ್ಷಿಯನ್ನು ಮೊದಲೇ ಹಿಂಡಿ, ಸಿಪ್ಪೆ ಬೀಜಗಳನ್ನೆಲ್ಲ ಬೇರೆ ಮಾಡಿ, ರಸವನ್ನು ತಿಳಿಯಾಗಲು ಬಿಟ್ಟು, ಆಮೇಲೆ ಹುದುಗಿಸುತ್ತಾರೆ. ವಿಷದ ಬಹುಭಾಗ ಸಿಪ್ಪೆಯ ಜೊತೆ, ಕೆಳಗೆ ಕುಳಿತ ಗಸಿಯ ಜೊತೆ ಹೊರಟುಹೋಗುತ್ತದೆ. ಕೆಂಪು ವೈನಿಗೆ ಬಣ್ಣ ಬರುವುದೇ ಸಿಪ್ಪೆಯಿಂದ. ಹಾಗಾಗಿ ಅರೆದ ದ್ರಾಕ್ಷಿಯನ್ನು ಸಿಪ್ಪೆ ಬೀಜ ಸಮೇತ ಒಂದೆರಡು ವಾರ ನೆನೆಸಿ ಹುದುಗಿಸುತ್ತಾರೆ. ಬಣ್ಣ ಇಳಿಯುವಾಗ ಸಿಪ್ಪೆಯಲ್ಲಿದ್ದ ವಿಷವೂ ಇಳಿಯುತ್ತದೆ. ರೋಸೆಗೆ ಕೆಲವು ಗಂಟೆ ಮಾತ್ರ ನೆನೆಸುವುದರಿಂದ ಅದು ನಡುವೆ ನಿಲ್ಲುತ್ತದೆ. ಸ್ವಿಟ್ಜರ್‌ಲೆಂಡಿನವರ ಪಟ್ಟಿ ಸರಿಯಾಗಿ ಈ ಕ್ರಮದಲ್ಲೇ ಇತ್ತು, ನೆನಪಿದೆಯಲ್ಲ?

ಆದರೆ ಕಥೆ ಅಷ್ಟಕ್ಕೇ ನಿಂತಿದ್ದರೆ ಕೆಂಪು ವೈನ್ ಕುಡಿಯುವವರ ಪಾಡು ಕಷ್ಟವಾಗುತ್ತಿತ್ತು. ನೆನೆಯುವಾಗ ಏರಿದ ವಿಷ ಆಮೇಲೆ ಇಳಿಯತೊಡಗುತ್ತದೆ. ಇಳಿಸುವುದು ಯೀಸ್ಟ್. ಯೀಸ್ಟ್ ವಿಷವನ್ನು ತಿಂದು ಅರಗಿಸಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಅದರ ಜೀವಕೋಶದ ಹೊರಗೋಡೆಗೆ ವಿಷ ಅಂಟಿಕೊಳ್ಳುತ್ತದೆ, ಅಷ್ಟೇ. ಸತ್ತ ಯೀಸ್ಟ್ ಕೂಡ ಈ ಕೆಲಸ ಮಾಡುತ್ತದೆ. ಕೆಲಸ ಮುಗಿಸಿ ಸತ್ತು ತಳಕ್ಕೆ ಕುಳಿತಾಗ ವಿಷವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ವೈನಿನ ಹುಳಿಯೂ ಇದಕ್ಕೆ ಸಹಾಯ ಮಾಡುತ್ತದೆ. ಓಕ್ರಾಟಾಕ್ಸಿನ್ ಒಂದು ಸೌಮ್ಯ ಆಮ್ಲ. ಹುಳಿ ದ್ರವದಲ್ಲಿ ಅದಕ್ಕೆ ನೀರಿನ ಮೇಲಿನ ಒಲವು ಕಮ್ಮಿಯಾಗಿ, ಎಲ್ಲಾದರೂ ಗಟ್ಟಿ ಮೇಲ್ಮೈ ಸಿಕ್ಕರೆ ಅಂಟಿಕೊಳ್ಳುವ ಬುದ್ಧಿ ಬರುತ್ತದೆ. ಹಿಂಡಿ ಉಳಿದ ಸಿಪ್ಪೆಯ ಹಿಪ್ಪೆ, ತಳದ ಗಸಿ, ಸೋಸುವ ಹಾಳೆ, ಎಲ್ಲವೂ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳುತ್ತವೆ. ಕೊನೆಗೆ ಲೆಕ್ಕ ಹಾಕಿದರೆ ದ್ರಾಕ್ಷಿಯಲ್ಲಿದ್ದ ವಿಷದ ದೊಡ್ಡ ಪಾಲು ಹಿಪ್ಪೆ ಮತ್ತು ಗಸಿಯಲ್ಲೇ ಉಳಿದು, ಬಾಟಲಿಗೆ ಹೋಗುವುದು ಚಿಕ್ಕ ಪಾಲು. ಆದರೆ ಬಾಟಲಿ ಸೇರಿದ್ದು ಅಲ್ಲೇ ಕೂರುತ್ತದೆ. ವೈನ್ ಹಳೆಯದಾದಷ್ಟೂ ವಿಷ ತಾನಾಗಿ ಕರಗಿಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಸೇಬಿನ ಬೂಷ್ಟಿನಿಂದ ಬರುವ ಪ್ಯಾಟುಲಿನ್ ಎಂಬ ವಿಷದ ಕಥೆ ಇದಕ್ಕೆ ತದ್ವಿರುದ್ಧ. ಅದು ದ್ರಾಕ್ಷಿ ರಸದಲ್ಲೂ ಸಿಗಬಹುದು, ಆದರೆ ಯೀಸ್ಟ್ ಹುದುಗಿಸುವಾಗ ಅದನ್ನು ಒಡೆದುಹಾಕುತ್ತದೆ. ಹಾಗಾಗಿ ಪ್ಯಾಟುಲಿನ್ ರಸದ ಸಮಸ್ಯೆ, ಓಕ್ರಾಟಾಕ್ಸಿನ್ ವೈನಿನ ಸಮಸ್ಯೆ.

ವಿಷ ಜಾಸ್ತಿ ಇರುವ ವೈನ್ ತಯಾರಾಗಿಬಿಟ್ಟಿದ್ದರೆ? ಅಂಟಿಕೊಳ್ಳುವ ಅದೇ ಬುದ್ಧಿಯನ್ನು ಬಳಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಜೋರಾಗಿ ಹಿಡಿಯುವುದು ಸಕ್ರಿಯ ಇದ್ದಿಲು. ಆದರೆ ಅದು ವಿವೇಚನೆ ಇಲ್ಲದ ಕೆಲಸಗಾರ. ವಿಷದ ಜೊತೆ ಬಣ್ಣವನ್ನೂ ಪರಿಮಳವನ್ನೂ ಬಾಚಿಕೊಂಡು ಹೋಗುತ್ತದೆ. ಕಡು ಕೆಂಪು ವೈನನ್ನು ಇದ್ದಿಲಿನಲ್ಲಿ ತೊಳೆದರೆ ಉಳಿಯುವುದು ಸಪ್ಪೆ ನೀರು. ಬೆಂಟೊನೈಟ್ ಜೇಡಿ, ಹಾಲಿನ ಕೇಸಿನ್ ಇಂಥವು ಅಷ್ಟು ಹಾನಿ ಮಾಡುವುದಿಲ್ಲ, ಆದರೆ ಅಷ್ಟು ಹಿಡಿಯುವುದೂ ಇಲ್ಲ. ಪುಲಿಯಾದ ರಾಜಧಾನಿ ಬಾರಿಯಲ್ಲಿರುವ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆಯವರು ಕಂಡುಕೊಂಡದ್ದು ನಮ್ಮ ಅಜ್ಜಿಯರೂ ಮೆಚ್ಚುವಂಥ ದಾರಿ. ವಿಷವಿರುವ ವೈನನ್ನು, ಒಳ್ಳೆಯ ದ್ರಾಕ್ಷಿ ಹಿಂಡಿ ಉಳಿದ ಹೊಸ ಹಿಪ್ಪೆಯ ಮೇಲೆ ಮತ್ತೊಮ್ಮೆ ಹಾಯಿಸಿದರು. ಅವರ ಪ್ರಯೋಗಗಳಲ್ಲಿ ವಿಷ 65% ತನಕ ಇಳಿಯಿತು. ಬಣ್ಣ, ಗುಣ ಹೆಚ್ಚೇನೂ ಕೆಡಲಿಲ್ಲ. ಹಾಗೆ ನೋಡಿದರೆ ವೈನನ್ನು ಹಿಪ್ಪೆಯ ಮೇಲೆ ಎರಡನೇ ಸಲ ಹಾಯಿಸುವುದು ಇಟಲಿಗೆ ಹೊಸದಲ್ಲ. ಉತ್ತರದ ವಾಲ್ಪೊಲಿಚೆಲ್ಲಾ ಕಡೆ ರುಚಿ ಗಟ್ಟಿಯಾಗಲಿ ಅಂತ ಹಾಗೆ ಮಾಡುವ ರೂಢಿ ಇದೆ, ಅದಕ್ಕೆ ರಿಪಾಸ್ಸೊ ಎನ್ನುತ್ತಾರೆ.

ಸರಿ, ಇಷ್ಟೆಲ್ಲ ಒದ್ದಾಟ ಎಷ್ಟು ವಿಷಕ್ಕಾಗಿ? ಯುರೋಪಿಯನ್ ಒಕ್ಕೂಟ 2005ರಲ್ಲಿ ಹಾಕಿದ ಮಿತಿ ಒಂದು ಕಿಲೋ ವೈನಿಗೆ 2 ಮೈಕ್ರೋಗ್ರಾಂ. ಕಿಲೋ ಬದಲು ಲೀಟರ್ ಅಂದುಕೊಂಡರೂ ಹೆಚ್ಚು ವ್ಯತ್ಯಾಸವಿಲ್ಲ. ಅಂದರೆ ಒಂದು ಗ್ರಾಂ ವಿಷ 5 ಲಕ್ಷ ಲೀಟರ್ ವೈನನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿನ ಓಣಿಗಳಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್‌ಗಳನ್ನು ನೆನೆಸಿಕೊಳ್ಳಿ. ಅಂಥ ನೂರು ಟ್ಯಾಂಕರ್ ತುಂಬ ವೈನ್, ಅದರಲ್ಲಿ ಚಿಟಿಕೆ ಉಪ್ಪಿನಷ್ಟು ವಿಷ. ಇಷ್ಟು ಸಣ್ಣದನ್ನು ಪತ್ತೆ ಮಾಡುವುದು ಹೇಗೆ? ಈ ವಿಷಕ್ಕೆ ಒಂದು ದೌರ್ಬಲ್ಯ ಇದೆ. ನೇರಳಾತೀತ ಬೆಳಕು ಬಿದ್ದರೆ ಹೊಳೆಯುತ್ತದೆ. ಮೊದಲು ಈ ವಿಷವನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ತುಂಬಿದ ಸಣ್ಣ ಕೊಳವೆಯಲ್ಲಿ ವೈನನ್ನು ಹರಿಸುತ್ತಾರೆ. ಬೇರೆಲ್ಲ ಹರಿದುಹೋಗುತ್ತದೆ, ವಿಷ ಅಲ್ಲೇ ನಿಲ್ಲುತ್ತದೆ. ಆಮೇಲೆ ಅದನ್ನು ಬಿಡಿಸಿ ತೆಗೆದು ಯಂತ್ರದಲ್ಲಿ ಅದರ ಹೊಳಪು ಅಳೆಯುತ್ತಾರೆ.

ಮೈಗೆ ಹೋದ ಮೇಲೆ ಇದು ಮುಖ್ಯವಾಗಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಬೇಗ ಹೊರಗೆ ಹೋಗುವುದಿಲ್ಲ. ಒಬ್ಬ ಸ್ವಯಂಸೇವಕನ ರಕ್ತದಲ್ಲಿ ಅಳೆದಾಗ ಅದು ಅರ್ಧಕ್ಕೆ ಇಳಿಯಲು ಸುಮಾರು 35 ದಿನ ಹಿಡಿಯಿತು. ಹಸುವಿಗೆ ಈ ಕಷ್ಟ ಕಮ್ಮಿ. ಮೆಲುಕು ಹಾಕುವ ಹೊಟ್ಟೆಯ ಸೂಕ್ಷ್ಮಜೀವಿಗಳು ವಿಷವನ್ನು ಎರಡು ತುಂಡು ಮಾಡಿ ಸಾಧು ಮಾಡಿಬಿಡುತ್ತವೆ. ಹಂದಿಗೆ, ನಮಗೆ ಆ ಭಾಗ್ಯ ಇಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ಇದು ಕ್ಯಾನ್ಸರ್ ತಂದಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲಿ ಇದನ್ನು ಮನುಷ್ಯರಿಗೂ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು.

ಹಾಗಂತ ಹೆದರಿಕೆಗೂ ಒಂದು ಲೆಕ್ಕ ಇರಬೇಕು. ಡ್ಯಾನ್ಯೂಬ್ ನದಿಯ ಆಸುಪಾಸಿನ ಬಾಲ್ಕನ್ ಹಳ್ಳಿಗಳಲ್ಲಿ ಮೂತ್ರಪಿಂಡದ ಕಾಯಿಲೆಯೊಂದು ಮನೆಮನೆಯಲ್ಲಿತ್ತು. ದಶಕಗಳ ಕಾಲ ಓಕ್ರಾಟಾಕ್ಸಿನ್ ಮೇಲೇ ಅನುಮಾನ. ಈಗ ಹೆಚ್ಚಿನವರು ಒಪ್ಪುವ ಅಪರಾಧಿ ಬೇರೆ: ನಮ್ಮ ಈಶ್ವರಿ ಬಳ್ಳಿಯ ಜಾತಿಗೆ ಸೇರಿದ ಒಂದು ಕಳೆ, ಗೋಧಿ ಹೊಲದಲ್ಲಿ ಬೆಳೆದು ಹಿಟ್ಟಿಗೆ ಬೆರೆಯುತ್ತಿದ್ದ ಅದರ ಬೀಜ. ವೈನಿನ ಲೆಕ್ಕವನ್ನೂ ನೋಡಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2006ರಲ್ಲಿ ಹೇಳಿದ್ದು, ವಾರಕ್ಕೆ ಮೈ ತೂಕದ ಪ್ರತಿ ಕಿಲೋಗೆ 120 ನ್ಯಾನೋಗ್ರಾಂ ತನಕ ಸಹಿಸಬಹುದು ಅಂತ. 60 ಕಿಲೋ ತೂಕದವರಿಗೆ ಅದು ವಾರಕ್ಕೆ 7.2 ಮೈಕ್ರೋಗ್ರಾಂ. ಮಿತಿಯ ಅಂಚಿನಲ್ಲಿರುವ ವೈನನ್ನೇ ಕುಡಿದರೂ ಅಷ್ಟು ಸೇರಲು ವಾರಕ್ಕೆ ಮೂರೂವರೆ ಲೀಟರಿಗಿಂತ ಜಾಸ್ತಿ ಬೇಕು. ಅಷ್ಟು ಕುಡಿಯುವವರು ಓಕ್ರಾಟಾಕ್ಸಿನ್ ಬಗ್ಗೆ ಚಿಂತೆ ಮಾಡುವ ಮೊದಲು ಆಲ್ಕೊಹಾಲಿನ ಬಗ್ಗೆ ಚಿಂತೆ ಮಾಡುವುದು ಒಳ್ಳೆಯದು. ಆದರೆ 2020ರಲ್ಲಿ ಅದೇ ಪ್ರಾಧಿಕಾರ ಆ ಮಿತಿಯನ್ನು ಕೈಬಿಟ್ಟಿತು. ಈ ವಿಷ ವಂಶವಾಹಿಗೆ ನೇರವಾಗಿ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಆದ್ದರಿಂದ ಇಷ್ಟರ ತನಕ ಸುರಕ್ಷಿತ ಎಂದು ಗೆರೆ ಎಳೆಯುವುದು ಸರಿಯಲ್ಲ ಎಂಬುದು ಅದರ ವಾದ. ಜೊತೆಗೆ ನಾವು ವೈನ್ ಒಂದನ್ನೇ ಸೇವಿಸುವುದಿಲ್ಲ. ಕಾಳು, ಕಾಫಿ, ಒಣದ್ರಾಕ್ಷಿ, ಮಸಾಲೆ, ಎಲ್ಲದರಿಂದಲೂ ಚೂರು ಚೂರು ಸೇರುತ್ತದೆ.

ಸಿಹಿ ವೈನ್‌ಗಳದ್ದು ಬೇರೆಯೇ ಸಂಗತಿ. ಸ್ಪೇನಿನ ಮೊಂಟಿಲ್ಲಾ-ಮೊರಿಲೆಸ್ ಕಡೆ ಪೆದ್ರೊ ಹಿಮೆನೆಸ್ ದ್ರಾಕ್ಷಿಯನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿ, ಸುಕ್ಕಾದ ಮೇಲೆ ಹಿಂಡಿ ವೈನ್ ಮಾಡುತ್ತಾರೆ. ಒಣಗುವ ಆ ದಿನಗಳಲ್ಲಿ ಕಪ್ಪು ಬೂಷ್ಟಿಗೆ ಒಳ್ಳೆಯ ಅವಕಾಶ. ಆದರೆ ಯುರೋಪಿನ ಆ 2 ಮೈಕ್ರೋಗ್ರಾಂ ನಿಯಮ ಹೊರಗಿಟ್ಟದ್ದು ಇಂಥ, ಮದ್ಯಸಾರ ಬೆರೆಸಿ ಗಟ್ಟಿ ಮಾಡಿದ ಲಿಕರ್ ವೈನ್‌ಗಳನ್ನು ಮತ್ತು 15% ಅಥವಾ ಅದಕ್ಕಿಂತ ಜಾಸ್ತಿ ಆಲ್ಕೊಹಾಲ್ ಇರುವ ವೈನ್‌ಗಳನ್ನೇ. ಕಾಯಿಲೆ ಜಾಸ್ತಿ ಇರುವ ಮನೆಗೇ ಡಾಕ್ಟರ್ ಹೋಗದ ಹಾಗೆ ಅನ್ನಿಸುವುದಿಲ್ಲವೇ? ಫ್ರಾನ್ಸಿನ ಸೊಟೆರ್ನ್ ವೈನ್ ಮಾತ್ರ ಬೂಷ್ಟು ಹಿಡಿದ ಹಣ್ಣಿನಿಂದಲೇ ಆಗುತ್ತದೆ, ಆದರೂ ಅಲ್ಲಿ ಈ ಭಯವಿಲ್ಲ. ಅಲ್ಲಿ ಬೆಳೆಯುವುದು ಬೊಟ್ರೈಟಿಸ್ ಎಂಬ ಬೂದು ಬೂಷ್ಟು. ಅದು ಓಕ್ರಾಟಾಕ್ಸಿನ್ ಮಾಡುವುದೇ ಇಲ್ಲ.

ನಮ್ಮ ಕಡೆ ವೈನ್ ಕುಡಿಯುವವರು ಕಮ್ಮಿ, ಆದರೆ ಈ ವಿಷಯ ನಮಗೆ ದೂರದ್ದೇನಲ್ಲ. ವಿಜಯಪುರದ ಬೆಳೆಗಾರರು ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನ ಬಲೆಗಳ ಮೇಲೆ ಒಣಗಿಸುವುದನ್ನು ನೋಡಿರಬಹುದು. ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ನೀರು ಬೇಗ ಆರಲಿ ಅಂತ ಹಾಗೆ ಮಾಡುತ್ತಾರೆ. ಬೇಗ ಒಣಗಿದಷ್ಟೂ ಬೂಷ್ಟಿಗೆ ಸಿಗುವ ದಿನ ಕಮ್ಮಿ. ನಡುವೆ ಅಕಾಲ ಮಳೆ ಬಂದರೆ ಅವರು ಕಂಗಾಲಾಗುವುದು ಬಣ್ಣ ಕೆಡುತ್ತದೆ ಅಂತ. ಬಣ್ಣದ ಹಿಂದೆ ಇನ್ನೊಂದು ಕಾರಣವೂ ಇದೆ ಅಂತ ಈಗ ನಿಮಗೆ ಗೊತ್ತು. ಕೊಡಗು, ಚಿಕ್ಕಮಗಳೂರಿನ ಕಣದಲ್ಲಿ ಹರವಿದ ಕಾಫಿ ಹಣ್ಣಿಗೂ ಇದೇ ಮಾತು. ಒದ್ದೆ ಕಾಫಿಯನ್ನು ರಾಶಿ ಹಾಕಿಬಿಟ್ಟರೆ ಇದೇ ವಿಷ ಅಲ್ಲೂ ಹುಟ್ಟುತ್ತದೆ.

ಇನ್ನು ಕ್ರಿಸ್‌ಮಸ್‌ಗೆ ಅಂತ ಬೆಂಗಳೂರು, ಮಂಗಳೂರಿನ ಮನೆಗಳಲ್ಲಿ ಭರಣಿ ತುಂಬ ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ವೈನ್ ಇಡುವವರಿಗೆ ಎರಡು ಮಾತು. ಸಂಜೆ ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಗೆ ಸಿಗುವ ಒಡೆದ ದ್ರಾಕ್ಷಿ ಬೇಡ. ವೈನಿಗೆ ತಾನೇ, ಹೇಗೂ ಹಿಸುಕುವುದೇ ಅಂತ ಅನ್ನಿಸುತ್ತದೆ, ಆದರೆ ಗಾಯದ ಹಣ್ಣೇ ಇಲ್ಲಿ ಸಮಸ್ಯೆ. ಗೊಂಚಲು ಬಿಡಿಸುವಾಗ ಕಪ್ಪು ಪುಡಿ ಕಂಡ ಹಣ್ಣನ್ನು, ಅದಕ್ಕೆ ಅಂಟಿಕೊಂಡಿದ್ದ ಪಕ್ಕದ ಹಣ್ಣನ್ನೂ ತೆಗೆದು ಬಿಸಾಕಿ. ತೊಳೆದರೆ ಹೋಗುವುದು ಬೀಜಾಣು, ಒಳಗಿನ ವಿಷ ಅಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ಇನ್ನು ಸೋಸುವ ದಿನ ಬಟ್ಟೆಯಲ್ಲಿ ಉಳಿದ ಹಿಪ್ಪೆಯನ್ನು ತಿರುಚಿ ತಿರುಚಿ ಹಿಂಡಿ ಕೊನೆಯ ಲೋಟ ತೆಗೆಯುವ ಆಸೆ ಬಿಡಿ. ಯೀಸ್ಟ್ ಮತ್ತು ಸಿಪ್ಪೆ ಇಷ್ಟು ದಿನ ಹಿಡಿದಿಟ್ಟುಕೊಂಡದ್ದೆಲ್ಲ ಆ ಗಂಟಿನಲ್ಲೇ ಇರುತ್ತದೆ.